ರೈಲಿನಲ್ಲಿ ಸಹಾಯ ಮಾಡಿದವರನ್ನು ಫೋಟೋ ಹಾಕಿ ಹುಡುಕಬಹುದಾ?

ಕಿಟಕಿಸೀಟು ಕೇಳಿದ್ದು:

ಒಂದು ಪೋಸ್ಟು ಹತ್ತು ದಿನದಿಂದ ನನ್ನ ಡ್ರಾಫ್ಟಿನಲ್ಲೇ ಕೂತಿದೆ. ಹಾಕಲು ಧೈರ್ಯ ಸಾಲುತ್ತಿಲ್ಲ, ಅಳಿಸಲು ಮನಸ್ಸು ಬರುತ್ತಿಲ್ಲ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇರಲಿ.

ರಾತ್ರಿ ರೈಲು. ಒಬ್ಬಳೇ ಹೊರಟಿದ್ದೆ. ಮುಂದೆ ಎಲ್ಲೋ ಹಳಿ ಕೆಲಸ ಅಂತ ಎರಡು ಸ್ಟೇಷನ್ನುಗಳ ನಡುವೆ ರೈಲು ನಿಂತಿತು. ಹತ್ತು ನಿಮಿಷ ಅಂದದ್ದು ಮೂರು ಗಂಟೆ ಆಯಿತು. ನಾನೋ, ಆ ಹತ್ತು ನಿಮಿಷವನ್ನು ನಂಬಿ ರೀಲ್ಸ್ ನೋಡುತ್ತಾ ಕೂತವಳು. ಫೋನು 3 ಪರ್ಸೆಂಟಿಗೆ ಇಳಿದಾಗಲೇ ಎಚ್ಚರ ಆದದ್ದು. ಟಿಕೆಟ್ಟು ಫೋನಿನಲ್ಲಿ, ಇಳಿದ ಮೇಲೆ ಹೋಗಬೇಕಾದ ವಿಳಾಸ ಫೋನಿನಲ್ಲಿ, ಕರೆದುಕೊಂಡು ಹೋಗಲು ಬರುವವರ ನಂಬರೂ ಫೋನಿನಲ್ಲಿ. ನನಗೆ ಬಾಯಿಪಾಠ ಇರುವ ನಂಬರು ಒಂದೇ, ಅಮ್ಮನದು. ನಡುರಾತ್ರಿ ಅಮ್ಮನಿಗೆ ಫೋನ್ ಮಾಡಿದರೆ ಇರುವ ಒಂದು ಸಮಸ್ಯೆ ಎರಡಾಗುತ್ತೆ. ನನ್ನ ಹತ್ತಿರ ಚಾರ್ಜರ್ ಇತ್ತು, ಬೋಗಿಯ ಪ್ಲಗ್ಗಿನಲ್ಲಿ ಕರೆಂಟಿರಲಿಲ್ಲ.

ಎದುರು ಸೀಟಿನಲ್ಲಿ ಒಬ್ಬರು ಹೆಂಗಸು, ಐವತ್ತರ ಆಚೀಚೆ ಇರಬಹುದು. ನಾನು ಬಾಯಿ ಬಿಟ್ಟು ಕೇಳಿರಲಿಲ್ಲ. ಬ್ಯಾಗಿನಿಂದ ಪವರ್ ಬ್ಯಾಂಕ್ ತೆಗೆದು ನನ್ನ ಪಕ್ಕಕ್ಕಿಟ್ಟು ಮತ್ತೆ ಕಿಟಕಿ ಕಡೆ ತಿರುಗಿದರು, ಅಷ್ಟೆ. ನನ್ನ ಕೇಬಲಿನ ಎರಡೂ ತುದಿ ಟೈಪ್-ಸಿ. ಆ ಪವರ್ ಬ್ಯಾಂಕಿಗೆ ಬೇಕಾದದ್ದು ಅಗಲ ಬಾಯಿಯ ಹಳೇ ಯುಎಸ್‌ಬಿ. ಹಾಗಾಗಿ ಅವರದೇ ಕೇಬಲನ್ನೂ ಕೊಟ್ಟರು. ಕತ್ತಿನ ಹತ್ತಿರ ಹರಿದಿತ್ತು, ದಾರ ಸುತ್ತಿ ಗಂಟು ಹಾಕಿದ್ದರು. "ಸ್ವಲ್ಪ ಬಗ್ಗಿಸಿ ಹಿಡ್ಕೋಬೇಕು, ಇಲ್ಲಾಂದ್ರೆ ಮುನಿಸ್ಕೊಳ್ಳುತ್ತೆ" ಅಂದರು. ನನ್ನ ಸಿಮ್ಮಿನ ಸಿಗ್ನಲ್ಲೂ ಅಷ್ಟರಲ್ಲಿ ಹೋಗಿದೆ ಅಂತ ಗೊತ್ತಾದಾಗ ತಮ್ಮ ಹಾಟ್‌ಸ್ಪಾಟ್ ಆನ್ ಮಾಡಿ ಪಾಸ್‌ವರ್ಡನ್ನು ಒಂದೊಂದೇ ಅಕ್ಷರ ಹೇಳಿದರು.

ಆಮೇಲೆ ಮಾತು ಶುರುವಾಯಿತು. ಕೇಬಲ್ಲು ಬಗ್ಗಿಸಿ ಹಿಡಿದು ಕೂತ ನಾನು, ಎದುರಿಗೆ ಅವರು, ಸುತ್ತ ಎಲ್ಲರೂ ನಿದ್ದೆ. ಮನೆಯಲ್ಲಿ ಯಾರಿಗೂ ಹೇಳದ ಒಂದು ವಿಷಯವನ್ನು ನನಗೆ ಹೇಳಿದರು. ಅದನ್ನು ಇಲ್ಲಿ ಬರೆಯಲ್ಲ. ಆದರೆ ಡ್ರಾಫ್ಟಿನಲ್ಲಿ ಬರೆದಿದ್ದೀನಿ, ಯಾಕಂದ್ರೆ ಅದಿಲ್ಲದೆ ಆ ಪೋಸ್ಟು ಸಪ್ಪೆ.

ಇನ್ನೂ ಒಂದು ಒಪ್ಪಿಕೊಳ್ಳಬೇಕು. ಅವರು ಮಾತಾಡುತ್ತಾ ಇದ್ದಾಗಲೇ ನನ್ನ ತಲೆಯಲ್ಲಿ ಕ್ಯಾಪ್ಷನ್ ತಯಾರಾಗುತ್ತಿತ್ತು. ಅವರು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಾಗ ಒಂದು ಫೋಟೋ ತೆಗೆದೆ. ಕೇಳಿ ತೆಗೆದದ್ದಲ್ಲ. ತುಂಬಾ ಚೆನ್ನಾಗಿ ಬಂದಿದೆ, ಅದೇ ತೊಂದರೆ.

ಬೆಳಿಗ್ಗೆ ನನ್ನ ಸ್ಟೇಷನ್ ಬಂದಾಗ ಗಡಿಬಿಡಿ. ಪವರ್ ಬ್ಯಾಂಕ್ ಅವರ ಪಕ್ಕಕ್ಕಿಟ್ಟು ಇಳಿದೆ. ಹೆಸರು ಕೇಳಲಿಲ್ಲ, ನಂಬರು ತಗೊಳ್ಳಲಿಲ್ಲ. ಮನೆ ಮುಟ್ಟಿ ಬ್ಯಾಗು ತೆರೆದರೆ ಅವರ ಕೇಬಲ್ಲು ನನ್ನ ಹತ್ತಿರವೇ ಇದೆ.

ಡ್ರಾಫ್ಟಿನಲ್ಲಿ ಇರುವುದು: ಫೋಟೋ, ರೈಲು, ದಿನಾಂಕ, ನಡೆದ ಕಥೆ, ಕೊನೆಗೆ "ಇವರನ್ನು ಹುಡುಕಿಕೊಡಿ, ಆಗುವಷ್ಟು ಶೇರ್ ಮಾಡಿ". ಓದಿದ ಗೆಳತಿ "ಇದು ಓಡುತ್ತೆ ಕಣೇ" ಅಂದಳು. ಆ ಮಾತು ಕೇಳಿದ ಮೇಲೇ ನನಗೆ ಇರುಸುಮುರುಸು ಶುರುವಾದದ್ದು. ನೀವಾಗಿದ್ದರೆ ಹಾಕುತ್ತಿದ್ರಾ?

ಹಳೇಕೊಡೆ:

ಹಾಕಿ. ಬೈಯೋಕೆ ಯಾರೂ ಇಷ್ಟು ಯೋಚನೆ ಮಾಡಲ್ಲ, ರೈಲು ತಡವಾಯ್ತು ಅಂತ ಫೋಟೋ ಸಮೇತ ಹಾಕಿಬಿಡ್ತಾರೆ. ಹೊಗಳೋಕೆ ಮಾತ್ರ ಇಷ್ಟೊಂದು ಲೆಕ್ಕಾಚಾರ ಯಾಕೆ?

ಪಕ್ಕದಸಾಲು:

ಹಳೇಕೊಡೆ ಅವರೇ, ಹೊಗಳಿಕೆಯಿಂದ ಯಾರಿಗೂ ನೋವಾಗಲ್ಲ ಅಂತ ನಾನೂ ಅಂದುಕೊಂಡಿದ್ದೆ.

2018ರ ಜುಲೈಯಲ್ಲಿ ಅಮೆರಿಕದ ಒಂದು ವಿಮಾನದಲ್ಲಿ ಆದದ್ದು ನೆನಪಿದೆಯಾ? ಒಬ್ಬಾಕೆ ತನ್ನ ಗೆಳೆಯನ ಪಕ್ಕ ಕೂರಬೇಕು ಅಂತ ಇನ್ನೊಬ್ಬ ಹೆಂಗಸಿನ ಹತ್ತಿರ ಸೀಟು ಬದಲಾಯಿಸಿಕೊಳ್ಳಲು ಕೇಳಿದಳು, ಅವರು ಒಪ್ಪಿದರು. ಅಲ್ಲಿಗೆ ಅದೊಂದು ಉಪಕಾರ. ಉಪಕಾರ ಪಡೆದವಳು ಮಾಡಿದ್ದೇನು? ಹೊಸ ಸೀಟಿನಲ್ಲಿ ಆ ಹೆಂಗಸು ಪಕ್ಕದ ಗಂಡಸಿನ ಜೊತೆ ಮಾತಾಡುವುದನ್ನು ಹಿಂದಿನಿಂದ ಫೋಟೋ ತೆಗೆದು, ಪ್ರೇಮಕಥೆ ಕಟ್ಟಿ, ಟ್ವಿಟ್ಟರಿನಲ್ಲಿ ಕಂತು ಕಂತಾಗಿ ಬರೆದಳು. ಜನ ಮುದ್ದಾಗಿದೆ ಅಂತ ಮುಗಿಬಿದ್ದರು. ಮುಖ ಮುಚ್ಚಿದ್ದರೂ ಆಕೆ ಯಾರು ಅಂತ ಹುಡುಕಿ ಹೊರಗೆಳೆದರು. ತಾನು ಇದಕ್ಕೆ ಒಪ್ಪಿರಲಿಲ್ಲ, ಈಗ ಅವಮಾನ, ಕಿರುಕುಳ ಅನುಭವಿಸುತ್ತಿದ್ದೇನೆ ಅಂತ ಆಕೆ ವಕೀಲರ ಮೂಲಕ ಹೇಳಿಕೆ ಕೊಡಬೇಕಾಯಿತು. ಬರೆದವಳು ಕ್ಷಮೆ ಕೇಳಿ ಎಲ್ಲ ಅಳಿಸಿದಳು. ಅಷ್ಟು ಹೊತ್ತಿಗೆ ಅದು ಎಲ್ಲೆಲ್ಲೋ ಹೋಗಿಯಾಗಿತ್ತು.

ಕಿಟಕಿಸೀಟು ಅವರೇ, ಅದರಲ್ಲಿ ಕುಹಕ ಇತ್ತು, ನನ್ನದು ಬರೀ ಕೃತಜ್ಞತೆ ಅನ್ನಬಹುದು ನೀವು. 2022ರಲ್ಲಿ ಮೆಲ್ಬರ್ನಿನಲ್ಲಿ ಆದದ್ದು ಕೇಳಿ. ಒಬ್ಬರು ಹಿರಿಯ ಮಹಿಳೆ ತಮ್ಮ ಪಾಡಿಗೆ ಒಂದು ಕಡೆ ಕೂತಿದ್ದರು. ಒಬ್ಬ ಹುಡುಗ ಬಂದು, ಜಾಕೆಟ್ ಹಾಕಿಕೊಳ್ಳುತ್ತೀನಿ, ಈ ಹೂಗುಚ್ಛ ಸ್ವಲ್ಪ ಹಿಡ್ಕೊಳ್ಳಿ ಅಂತ ಕೊಟ್ಟು ಹಾಗೇ ಹೊರಟುಬಿಟ್ಟ. ವಿಡಿಯೋ ಟಿಕ್‌ಟಾಕಿನಲ್ಲಿ 5 ಕೋಟಿಗೂ ಹೆಚ್ಚು ಸಲ ಓಡಿತು. ಪಾಪ ಒಂಟಿ ಮುದುಕಿ, ಹೂ ನೋಡಿ ಕಣ್ಣು ತುಂಬಿಬಂತು ಅಂತೆಲ್ಲ ಜನ ಕಣ್ಣೀರು ಹಾಕಿದರು. ಆಮೇಲೆ ಆಕೆ ಸುದ್ದಿಸಂಸ್ಥೆಗೆ ಹೇಳಿದ್ದು ಏನು ಗೊತ್ತಾ? ನನ್ನನ್ನು ಮನುಷ್ಯಳಲ್ಲ ಅನ್ನೋ ಹಾಗೆ ಮಾಡಿದರು, ನೆಮ್ಮದಿಯಾಗಿ ಕೂತಿದ್ದವಳನ್ನು ಎಬ್ಬಿಸಿ ಇಲ್ಲದ ಕಥೆಗೆ ಸೇರಿಸಿದರು ಅಂತ. ಆಕೆ ಒಂಟಿಯೂ ಅಲ್ಲ, ಹೂ ಬೇಕು ಅಂತ ಕೇಳಿದವರೂ ಅಲ್ಲ.

ನಿಮ್ಮ ಪೋಸ್ಟಿಗೂ ಹಾಗೇ ಆಗುತ್ತೆ ಅಂತಲ್ಲ. ಆದರೆ "ಆ ಗುಟ್ಟು ಇಲ್ಲದಿದ್ದರೆ ಸಪ್ಪೆ" ಅಂದಿರಲ್ಲ, ಆ ಒಂದು ಸಾಲಿನ ಮೇಲೆ ನನ್ನ ಕಣ್ಣು ನಿಂತಿದೆ. ಅವರು ಕೊಟ್ಟದ್ದು ಪವರ್ ಬ್ಯಾಂಕು. ಗುಟ್ಟು ಹೇಳಿದ್ದು ಮತ್ತೆ ಸಿಗದ ಮುಖಕ್ಕೆ. 1975ರಲ್ಲಿ ಜಿಕ್ ರೂಬಿನ್ ಅನ್ನುವ ಮನಶ್ಶಾಸ್ತ್ರಜ್ಞರು ವಿಮಾನ ಹತ್ತಲು ಕಾಯುತ್ತಾ ಕೂತ ಅಪರಿಚಿತರು ಎಷ್ಟು ಬಾಯಿಬಿಡುತ್ತಾರೆ ಅಂತ ಪರೀಕ್ಷೆ ಮಾಡಿದ್ದರು. ಎದುರಿಗಿರುವವರು ತಮ್ಮದೊಂದು ಹೇಳಿಕೊಂಡರೆ ಇವರೂ ಮನಸ್ಸು ಬಿಚ್ಚುತ್ತಾರೆ, ಅದು ಅತಿಯಾದರೆ ಹಿಂದೆ ಸರಿಯುತ್ತಾರೆ ಅಂತ ಕಂಡರು. ಬಹುಶಃ ನೀವೂ ಆ ರಾತ್ರಿ ನಿಮ್ಮದೇನೋ ಹೇಳಿರುತ್ತೀರಿ. ಅದು ಡ್ರಾಫ್ಟಿನಲ್ಲಿ ಇದೆಯಾ?

ಕಿಟಕಿಸೀಟು:

ಇಲ್ಲ. ನಾನು ಹೇಳಿದ್ದು ಡ್ರಾಫ್ಟಿನಲ್ಲಿ ಇಲ್ಲ. ನೀವು ಕೇಳುವವರೆಗೆ ಅದು ಹೊಳೆದೂ ಇರಲಿಲ್ಲ. ಹೋಗಿ ನೋಡಿಬಂದೆ, ಪೂರ್ತಿ ಅವರದೇ ಇದೆ.

ಮುಖ ಮಸುಕು ಮಾಡಿ ಹಾಕಿದರೆ? ಸೀರೆಯ ಅಂಚು, ಕೈ ಮಾತ್ರ ಕಾಣುವ ಹಾಗೆ?

ಬೀಗದಕೈ:

ಫೋನು, ಕಂಪ್ಯೂಟರ್ ರಿಪೇರಿ ನನ್ನ ಹೊಟ್ಟೆಪಾಡು, ಹಾಗಾಗಿ ಆ ಕಡೆಯಿಂದ ನಾಲ್ಕು ಮಾತು.

ಮುಖ ಮುಚ್ಚಿದ್ದು ಅಪರಿಚಿತರಿಗೆ ಮಾತ್ರ ಮುಚ್ಚಿದ ಹಾಗೆ. ರೈಲು, ದಿನಾಂಕ, ವಯಸ್ಸು, ಸೀರೆಯ ಅಂಚು, ಜೊತೆಗೆ ಆ ವಿಷಯ. ಅವರ ಮನೆಯವರಿಗೆ ಮುಖ ಯಾಕೆ ಬೇಕು? ನೀವು ಯಾರಿಂದ ಮುಚ್ಚಿಡಬೇಕೋ ಅವರೇ ಮೊದಲು ಗುರುತಿಸುತ್ತಾರೆ. ಇಂಥ ಪೋಸ್ಟು ಕೊನೆಗೆ ಬಂದು ಬೀಳುವುದು ಕುಟುಂಬದ ವಾಟ್ಸಾಪ್ ಗುಂಪಿಗೇ. ಮುಖ ಮುಚ್ಚದೆ ಹಾಕಿದರಂತೂ ಕೇಳಲೇಬೇಡಿ. ಫೇಸ್‌ಬುಕ್ 2021ರಲ್ಲಿ ತನ್ನ ಮುಖ ಗುರುತಿಸುವ ವ್ಯವಸ್ಥೆ ನಿಲ್ಲಿಸಿ 100 ಕೋಟಿಗೂ ಹೆಚ್ಚು ಜನರ ಮುಖದ ಅಚ್ಚು ಅಳಿಸುತ್ತೇವೆ ಅಂತ ಹೇಳಿತು, ನಿಜ. ಆದರೆ ಒಂದು ಮುಖ ಕೊಟ್ಟರೆ ಅದೇ ಮುಖದ ಬೇರೆ ಫೋಟೋ ಹುಡುಕಿಕೊಡುವ ಸೈಟುಗಳು ಹೊರಗೆ ಬೇಕಾದಷ್ಟಿವೆ.

ಫೋಟೋವನ್ನು ಗೆಳತಿಗೆ ಹೇಗೆ ಕಳಿಸಿದಿರಿ? ವಾಟ್ಸಾಪಿನಲ್ಲಿ ಸುಮ್ಮನೆ ಫೋಟೋ ಆಗಿ ಕಳಿಸಿದ್ದರೆ ಅದರೊಳಗಿನ ಜಾಗ, ಸಮಯದ ಮಾಹಿತಿ ಉದುರಿಹೋಗುತ್ತೆ. "ಡಾಕ್ಯುಮೆಂಟ್" ಅಂತ ಕಳಿಸಿದ್ದರೆ ಎಲ್ಲ ಹಾಗೇ ಹೋಗಿರುತ್ತೆ. ಲೊಕೇಶನ್ ಆನ್ ಇದ್ದಿದ್ದರೆ ರೈಲು ನಿಂತ ಜಾಗವೂ ಅದರಲ್ಲಿ ಇರುತ್ತೆ. ಅಳಿಸುವಾಗಲೂ ಒಂದು ಸಲ ಅಳಿಸಿ ಸುಮ್ಮನಾಗಬೇಡಿ. ಐಫೋನಿನಲ್ಲಿ 30 ದಿನ, ಗೂಗಲ್ ಫೋಟೋಸಿಗೆ ಬ್ಯಾಕಪ್ ಆಗಿದ್ದರೆ 60 ದಿನ ಅದು ಕಸದಬುಟ್ಟಿಯಲ್ಲಿ ಉಸಿರಾಡುತ್ತಾ ಇರುತ್ತೆ.

ಇನ್ನೊಂದು, ಅವರ ಹಾಟ್‌ಸ್ಪಾಟಿನ ಹೆಸರು ನಿಮ್ಮ ಫೋನಿನ ವೈ-ಫೈ ಪಟ್ಟಿಯಲ್ಲಿ ಉಳಿದಿರುತ್ತೆ. ಎಷ್ಟೋ ಫೋನುಗಳಲ್ಲಿ ಅದು ಮಾಲೀಕರ ಹೆಸರೇ ಆಗಿರುತ್ತೆ. ದಯವಿಟ್ಟು ಅದರ ಸ್ಕ್ರೀನ್‌ಶಾಟ್ ಎಲ್ಲೂ ಹಾಕಬೇಡಿ.

ಮೂರನೇಗಂಟೆ:

ಎಲ್ಲರೂ ಬೇಡ ಬೇಡ ಅಂತಿದ್ದೀರಿ. ಕೊಟ್ಟ ಕೈಯ ಕಡೆಯಿಂದಲೂ ಒಂದು ಮಾತು ಕೇಳಿ. ನನಗೆ ಅರುವತ್ತೇಳು.

ಎಷ್ಟೋ ವರ್ಷದ ಹಿಂದೆ, ಕೊನೇ ಬಸ್ಸು ತಪ್ಪಿಸಿಕೊಂಡು ಬಸ್ ನಿಲ್ದಾಣದಲ್ಲಿ ಅಳುತ್ತಾ ಕೂತಿದ್ದ ಒಬ್ಬ ಹುಡುಗನನ್ನು ಕಂಡೆ. ಊರಲ್ಲಿ ತಂದೆ ಹುಷಾರಿಲ್ಲ ಅಂದ. ನನ್ನ ದಾರಿ ಬಿಟ್ಟು ಅವನನ್ನು ಅರ್ಧ ದಾರಿ ತನಕ ಸ್ಕೂಟರಿನಲ್ಲಿ ಕೊಂಡೊಯ್ದು ಒಂದು ಲಾರಿ ಹತ್ತಿಸಿ ಬಂದೆ. ಲಾರಿಯವನ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಹುಡುಗ ಮನೆ ಮುಟ್ಟಿದನೋ ಇಲ್ಲವೋ, ತಂದೆ ಸಿಕ್ಕರೋ ಇಲ್ಲವೋ, ಇವತ್ತಿನವರೆಗೂ ಗೊತ್ತಿಲ್ಲ. ನನಗೆ ಥ್ಯಾಂಕ್ಸ್ ಬೇಕಿರಲಿಲ್ಲ. ಮುಟ್ಟಿದೆ ಅನ್ನೋ ಒಂದು ಮಾತು ಬೇಕಿತ್ತು.

ನೋಡಮ್ಮಾ, ಆ ತಾಯಿಯೂ ಎದ್ದು ನೋಡಿದಾಗ ನೀನಿಲ್ಲ, ಕೇಬಲ್ಲೂ ಇಲ್ಲ. ಅವರ ಗುಟ್ಟು ನಿನ್ನ ಹತ್ತಿರ ಇದೆ. ಅವರಿಗೂ ಒಂದು ಯೋಚನೆ ಇರುತ್ತಲ್ಲ. ಕಥೆ ಬೇಡ, ಫೋಟೋ ಬೇಡ, ಒಪ್ಪಿದೆ. ಹಾಗಂತ ಪೂರ್ತಿ ಬಾಯಿ ಮುಚ್ಚಿಕೊಂಡು ಕೂರೋದೇ ದೊಡ್ಡ ಸಭ್ಯತೆ ಅಂತ ನನಗೇನೂ ಅನ್ನಿಸಲ್ಲ.

ಬೀಗದಕೈ:

ಮೂರನೇಗಂಟೆ ಸರ್ ಹೇಳಿದ್ದು ಸರಿ. ಹಾಗಾದರೆ ಕಳೆದುಹೋದ ಸಾಮಾನು ಸಿಕ್ಕಾಗ ಹಾಕುವ ಚೀಟಿಯ ಹಾಗೆ ಮಾಡಿ. "ರಾತ್ರಿ ರೈಲಿನಲ್ಲಿ ಕೇಬಲ್ ಕೊಟ್ಟವರಿಗೆ: ನಾನು ಕ್ಷೇಮವಾಗಿ ಮುಟ್ಟಿದೆ. ನಿಮ್ಮ ಕೇಬಲ್ ನನ್ನ ಹತ್ತಿರ ಇದೆ." ಇಷ್ಟೇ. ಶೇರ್ ಮಾಡಿ ಅನ್ನಬೇಡಿ. ಅವರಿಗೆ ಬೇಕಿದ್ದರೆ ಅವರೇ ಬರುತ್ತಾರೆ, ಬೇಡವಾದರೆ ಓದಿ ಸುಮ್ಮನಾಗುತ್ತಾರೆ. ಕೇಬಲಿನ ಫೋಟೋ ಕೂಡ ಬೇಡ. ದಾರದ ಬಣ್ಣ ಯಾವುದು ಅಂತ ನೀವು ಇಲ್ಲೂ ಹೇಳಿಲ್ಲ, ಹೇಳಲೂಬೇಡಿ. ನಂದು ಅಂತ ಬಂದವರನ್ನು ಕೇಳಲು ಅದೊಂದೇ ಪ್ರಶ್ನೆ ನಿಮ್ಮ ಕೈಲಿರುವುದು.

ಹಳೇಕೊಡೆ:

ಇಷ್ಟು ಚಿಕ್ಕ ಪೋಸ್ಟು ಅವರ ತನಕ ಹೋಗುತ್ತಾ? ಇಪ್ಪತ್ತು ಜನ ನೋಡ್ತಾರೆ, ಅದರಲ್ಲಿ ಹದಿನೈದು ನಿಮ್ಮ ನೆಂಟರು. ಆದರೂ ಆ ಹೂಗುಚ್ಛದ ಅಜ್ಜಿ ವಿಷಯ ನಂಗೆ ಗೊತ್ತಿರಲಿಲ್ಲ. ಆ ವಿಡಿಯೋ ನಾನೂ ಫಾರ್ವರ್ಡ್ ಮಾಡಿದ್ದೆ.

ಕಿಟಕಿಸೀಟು (ಎರಡು ವಾರದ ಮೇಲೆ):

ಏನಾಯ್ತು ಅಂತ ಕೆಲವರು ಕೇಳಿದ್ದಿರಿ.

ಡ್ರಾಫ್ಟ್ ಅಳಿಸಿದೆ. ಫೋಟೋ ಅಳಿಸಿದೆ, ಕಸದಬುಟ್ಟಿಗೂ ಹೋಗಿ ಅಳಿಸಿದೆ. ಗೆಳತಿಯ ಫೋನಿನಿಂದಲೂ ಅಳಿಸು ಅಂತ ಕೇಳಿದೆ. "ಅಯ್ಯೋ, ಚೆನ್ನಾಗಿತ್ತಲ್ಲೇ" ಅಂತ ಗೊಣಗಿದಳು, ಅಳಿಸಿದಳು. ಅಳಿಸುವ ಮೊದಲು ಆ ಫೋಟೋ ಒಂದು ಸಲ ದೊಡ್ಡದು ಮಾಡಿ ನೋಡಿದೆ. ಅವರು ಕೈಯಲ್ಲಿ ಫೋನು ಹಿಡಿದುಕೊಂಡೇ ನಿದ್ದೆ ಹೋಗಿದ್ದರು, ಹಾಟ್‌ಸ್ಪಾಟ್ ಆರಿಸದೆ. ಚೆಂದ ಅಂತ ಫೋಟೋ ತೆಗೆಯುವ ಭರದಲ್ಲಿ ನಾನು ಅದನ್ನು ನೋಡಿಯೇ ಇರಲಿಲ್ಲ.

ಎರಡು ಸಾಲಿನ ಚೀಟಿ ಹಾಕಿದೆ. ಹಳೇಕೊಡೆ ಅವರೇ, ನೀವು ಹೇಳಿದ್ದು ನಿಜ, ಲೈಕ್ ಬಂದದ್ದು ಹದಿನಾಲ್ಕು. ಕೇಬಲ್ ನಂದು ಅಂತ ಮೂವರು ಬಂದರು. ಒಬ್ಬರು ದಾರ ಕೆಂಪು ಅಂದರು. ಇನ್ನೊಬ್ಬರು ದಾರ ಯಾವುದು ಅಂತ ನನ್ನನ್ನೇ ಕೇಳಿದರು. ಮೂರನೆಯವನು ಪ್ರಾಮಾಣಿಕ: "ನಂದಲ್ಲ ಅಕ್ಕಾ, ಆದರೆ ನಂಗೂ ಒಂದು ಕೇಬಲ್ ಬೇಕಿತ್ತು."

ಅವರು ಬಂದಿಲ್ಲ. ಬರೀ ಎರಡು ವಾರ ಆಗಿದೆ ಅಂತ ಇಟ್ಟುಕೊಳ್ಳೋಣ. ಮೂರನೇಗಂಟೆ ಸರ್, ನಿಮ್ಮ ಹುಡುಗನ ವಿಷಯ ಓದಿದ ಮೇಲೆ ಅಮ್ಮನ ನಂಬರಿನ ಜೊತೆ ಇನ್ನೆರಡು ನಂಬರು ಬಾಯಿಪಾಠ ಮಾಡಿಕೊಂಡಿದ್ದೀನಿ. ಇದಕ್ಕೂ ಅದಕ್ಕೂ ಏನು ಸಂಬಂಧ ಅಂತ ಕೇಳಬೇಡಿ.

ಕೇಬಲ್ಲು ಬ್ಯಾಗಿನ ಮುಂದಿನ ಜಿಪ್ಪಿನಲ್ಲಿದೆ, ಬಗ್ಗಿಸಿ ಹಿಡಿದರೆ ಈಗಲೂ ಚಾರ್ಜ್ ಆಗುತ್ತೆ. ವೈ-ಫೈ ಪಟ್ಟಿಯಲ್ಲಿ ಅವರ ಹಾಟ್‌ಸ್ಪಾಟೂ ಹಾಗೇ ಇದೆ. ಬೀಗದಕೈ ಅವರೇ, ಅದು ಹೆಸರಲ್ಲ, ಬರೀ ಫೋನಿನ ಮಾಡೆಲ್ ನಂಬರು. ಅದರ ಪಕ್ಕ "ಫರ್ಗೆಟ್" ಅಂತ ಒಂದು ಬಟನ್ ಇದೆ, ಅದನ್ನು ಮಾತ್ರ ಒತ್ತಿಲ್ಲ. ಒತ್ತಬೇಕು ಅಂತ ದಯವಿಟ್ಟು ಯಾರೂ ಹೇಳಬೇಡಿ.