ಅಮ್ಮನಿಗೆ ಓದಿ ಹೇಳಲು ಯಾವ ಪುಸ್ತಕ?

ಹಾಸನದಿಂದ ಕೇಳಿದ್ದು:

ನಾಲ್ಕು ತಿಂಗಳ ಹಿಂದೆ ಅಪ್ಪ ತೀರಿಕೊಂಡರು. ಅಮ್ಮನಿಗೆ ಈಗಷ್ಟೇ ಕಣ್ಣಿನ ಪೊರೆ ಆಪರೇಷನ್ ಆಗಿದೆ, ಸ್ವಲ್ಪ ದಿನ ನಾನೇ ಓದಿ ಹೇಳಬೇಕು. ದಿನಾ ಬೈಬಲ್ ಆಗುತ್ತದೆ. ಆಮೇಲೆ "ಕಥೆ ಥರದ್ದು ಏನಾದ್ರೂ ಓದು" ಅಂತಾರೆ. ಚರ್ಚಿನವರು ತಂದುಕೊಟ್ಟ ಸಾಂತ್ವನದ ಪುಸ್ತಕ ಶುರು ಮಾಡಿದರೆ ಎರಡನೇ ಪುಟಕ್ಕೇ "ಸಾಕು" ಅಂದುಬಿಟ್ಟರು. ಕನ್ನಡ ಆದರೆ ಒಳ್ಳೆಯದು, ಇಂಗ್ಲಿಷ್ ಇದ್ದರೆ ನಾನೇ ಕನ್ನಡದಲ್ಲಿ ಹೇಳುತ್ತೇನೆ. ಓದಿದವರು ಹೇಳಿ.

ಮೂಡಿಗೆರೆಯಿಂದ:

ಅಮ್ಮ ಸರಿಯಾಗೇ ಹೇಳಿದ್ದಾರೆ. ನಮ್ಮ ಯಜಮಾನರು ಹೋದಾಗ ನನಗೂ ಅಂಥ ಏಳೆಂಟು ಪುಸ್ತಕ ಬಂದಿದ್ದವು. "ಎಲ್ಲಾ ದೇವರ ಚಿತ್ತ" ಅನ್ನೋದನ್ನು ನೂರು ಪುಟ ಎಳೆದಿದ್ದರು. ಸಿಟ್ಟು ಬಂತು. ದೇವರ ಹತ್ತಿರ ಜಗಳ ಆಡಿದವರ ಪುಸ್ತಕಗಳೇ ಆಗ ನನ್ನ ಕೈ ಹಿಡಿದದ್ದು.

ಓದಿ ಹೇಳೋದಾದರೆ ಮೊದಲು ಟಾಲ್‌ಸ್ಟಾಯ್. ದಪ್ಪ ಕಾದಂಬರಿ ಅಲ್ಲ, 1885ರ ಒಂದು ಸಣ್ಣ ಕಥೆ. ಪ್ರೀತಿ ಇದ್ದಲ್ಲಿ ದೇವರು ಇದ್ದಾನೆ ಅನ್ನೋ ಅರ್ಥದ ಹೆಸರು. ಮಾರ್ಟಿನ್ ಅಂತ ಒಬ್ಬ ಚಮ್ಮಾರ. ನೆಲಮಾಳಿಗೆಯಲ್ಲಿ ಮನೆ, ಕಿಟಕಿಯಿಂದ ಕಾಣೋದು ಬೀದಿಯಲ್ಲಿ ಹೋಗುವವರ ಕಾಲು ಮಾತ್ರ. ಆದರೂ ಬೂಟು ನೋಡಿಯೇ ಯಾರು ಅಂತ ಗೊತ್ತು, ಬಹುಪಾಲು ಅವನೇ ರಿಪೇರಿ ಮಾಡಿದ್ದು ತಾನೇ! ಹೆಂಡತಿ ಹೋದಳು, ಕೊನೆಗೆ ಉಳಿದಿದ್ದ ಒಬ್ಬನೇ ಮಗನೂ ಹೋದ. ದೇವರನ್ನು ಬೈದುಕೊಂಡು ಚರ್ಚಿಗೆ ಹೋಗೋದನ್ನೇ ಬಿಟ್ಟ. ಆಮೇಲೆ ಒಂದು ರಾತ್ರಿ "ನಾಳೆ ಬರ್ತೀನಿ, ಬೀದಿ ನೋಡ್ತಿರು" ಅನ್ನೋ ಧ್ವನಿ ಕೇಳುತ್ತದೆ. ಮಾರನೇ ದಿನ ಬರೋದು ಯಾರು? ಹಿಮ ಗುಡಿಸೋ ಮುದುಕ, ಚಳಿಯಲ್ಲಿ ಮಗು ಎತ್ತಿಕೊಂಡ ಹೆಂಗಸು, ಸೇಬು ಮಾರೋ ಮುದುಕಿ. ಮುಂದಿನದು ಹೇಳಲ್ಲ. ಒಂದೇ ಕೂತಲ್ಲಿ ಮುಗಿಯುತ್ತದೆ.

ಆಮೇಲೆ ಕೋರಿ ಟೆನ್ ಬೂಮ್ ಅವರ ಆತ್ಮಕಥೆ, 'ದಿ ಹೈಡಿಂಗ್ ಪ್ಲೇಸ್', 1971ರದ್ದು. ಹಾಲೆಂಡಿನ ಹಾರ್ಲೆಮ್‌ನಲ್ಲಿ ಗಡಿಯಾರದ ಅಂಗಡಿ ಇಟ್ಟಿದ್ದ ಮನೆತನ. ಕೋರಿಯ ಮಲಗುವ ಕೋಣೆಯಲ್ಲಿ ಸುಳ್ಳು ಗೋಡೆ ಕಟ್ಟಿ, ಅದರ ಹಿಂದೆ ನಾಜಿಗಳ ಕಣ್ಣಿಗೆ ಬೀಳದ ಹಾಗೆ ಯಹೂದಿಗಳನ್ನು ಬಚ್ಚಿಟ್ಟಿದ್ದರು. 1944ರಲ್ಲಿ ಮನೆಯವರು ಸಿಕ್ಕಿಬಿದ್ದರು. ಹತ್ತೇ ದಿನಕ್ಕೆ ಅಪ್ಪ ತೀರಿಕೊಂಡರು, ಅಕ್ಕ ತಂಗಿ ಇಬ್ಬರೂ ರಾವೆನ್ಸ್‌ಬ್ರೂಕ್ ಸೆರೆಶಿಬಿರ ಸೇರಿದರು. ಅಲ್ಲಿ ಮಲಗೋ ಹುಲ್ಲಿನ ತುಂಬ ಚಿಗಟ. ಅಕ್ಕ ಬೆಟ್ಸಿ "ಚಿಗಟಕ್ಕೂ ದೇವರಿಗೆ ಥ್ಯಾಂಕ್ಸ್ ಹೇಳೋಣ" ಅಂದರೆ ಕೋರಿಗೆ ಆಗಲ್ಲ. ನನಗೂ ಆಗಲಿಲ್ಲ! ಚಿಗಟದ ಭಯಕ್ಕೇ ಕಾವಲಿನವರು ಒಳಗೆ ಬರುತ್ತಿರಲಿಲ್ಲ, ಅದಕ್ಕೇ ಬೈಬಲ್ ಓದೋಕೆ ಆಗ್ತಿತ್ತು ಅಂತ ಆಮೇಲೆ ತಿಳಿಯುತ್ತದೆ. ಬೆಟ್ಸಿ ಅಲ್ಲೇ ಸಾಯುತ್ತಾಳೆ. ಶಿಬಿರದ ಭಾಗ ರಾತ್ರಿ ಓದಬೇಡಿ, ಬೆಳಗ್ಗೆ ಓದಿ.

ಸಿ. ಎಸ್. ಲೂಯಿಸ್ ಹೆಂಡತಿ ಸತ್ತ ಮೇಲೆ ಬರೆದ 'ಎ ಗ್ರೀಫ್ ಅಬ್ಸರ್ವ್ಡ್' ಮಾತ್ರ ಈಗಲೇ ಬೇಡ. 1961ರಲ್ಲಿ ಬಂದಾಗ ತನ್ನ ಹೆಸರನ್ನೂ ಹಾಕಿಕೊಂಡಿರಲಿಲ್ಲ. ಕಷ್ಟಕ್ಕೆ ದೇವರ ಬಾಗಿಲಿಗೆ ಹೋದರೆ ಮುಖದ ಮೇಲೇ ಬಾಗಿಲು ಹಾಕಿ, ಒಳಗಿಂದ ಚಿಲಕ ಹಾಕಿಕೊಂಡ ಹಾಗಿತ್ತು ಅಂತಾನೆ. ನನಗೆ ತುಂಬ ಬೇಕಾದ ಪುಸ್ತಕ. ನಮ್ಮ ಕಡೆ ಮಳೆಗೆ ಪುಸ್ತಕವೆಲ್ಲ ಬೂಷ್ಟು ಹಿಡಿಯುತ್ತದೆ, ಇದೊಂದನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ಕಾಪಾಡಿದ್ದೇನೆ. ಆದರೆ ಮೊದಲನೇ ವರ್ಷ ಓದೋಕೆ ಹೋಗಿ ಹತ್ತನೇ ಪುಟಕ್ಕೆ ಮುಚ್ಚಿಟ್ಟೆ. ಎರಡನೇ ವರ್ಷ ಓದಿದೆ. ಅಮ್ಮ ತಾವಾಗೇ ಓದುವ ಹಾಗಾದ ಮೇಲೆ ಸುಮ್ನೆ ಮೇಜಿನ ಮೇಲೆ ಇಟ್ಟುಬಿಡಿ.

ಸಕಲೇಶಪುರದಿಂದ:

ಜಾನ್ ಬನ್ಯನ್‌ನ 'ಯಾತ್ರಿಕನ ಸಂಚಾರ' ಬಿಟ್ಟುಬಿಟ್ಟಿರಲ್ಲ! ಇಂಗ್ಲಿಷಿನಲ್ಲಿ 1678ರದ್ದು, ಕನ್ನಡಕ್ಕೆ ಮಿಷನರಿಗಳ ಕಾಲದಲ್ಲೇ ಬಂದಿದೆ. ಬೆನ್ನ ಮೇಲೆ ಹೊರೆ ಹೊತ್ತುಕೊಂಡು ಊರು ಬಿಡುವವನ ಕಥೆ. ನಮ್ಮಜ್ಜಿ ಆ ಹೊರೆ ಬಿದ್ದುಹೋಗುವ ಜಾಗವನ್ನೇ ಮತ್ತೆ ಮತ್ತೆ ಓದಿಸುತ್ತಿದ್ದರು. ಹಳೇ ಕನ್ನಡ ಅನುವಾದ ಸ್ವಲ್ಪ ತಡವರಿಸುತ್ತದೆ, ಓದೋವಾಗ ನೀವೇ ಸರಿ ಮಾಡಿಕೊಳ್ಳಿ.

ಫ್ರಾನ್ಸಿನ್ ರಿವರ್ಸ್ ಅವರ 'ರಿಡೀಮಿಂಗ್ ಲವ್' ಅಂತ ಯಾರಾದರೂ ಹೇಳಬಹುದು. ವೇಶ್ಯೆಯನ್ನು ಮದುವೆಯಾಗುವ ಬೈಬಲಿನ ಪ್ರವಾದಿ ಹೋಶೇಯನ ಕಥೆಯನ್ನು ಕ್ಯಾಲಿಫೋರ್ನಿಯಾದ ಚಿನ್ನದ ಗಣಿ ಕಾಲಕ್ಕೆ ತಂದಿದ್ದಾರೆ. ನನಗೆ ಉದ್ದ ಜಾಸ್ತಿ ಆಯ್ತು. ವೇಶ್ಯಾಗೃಹದ ಭಾಗಗಳನ್ನು ಅಮ್ಮನ ಮುಂದೆ ಗಟ್ಟಿಯಾಗಿ ಓದೋದು ಕಷ್ಟ, ಅಲ್ವಾ?

ಚಿಕ್ಕಮಗಳೂರಿನಿಂದ:

ಎಲ್ಲಾ ಹೊರಗಿನವೇ ಆಯ್ತಲ್ಲ. ಸಾಗರದ ನಾ. ಡಿಸೋಜ ಅವರ 'ಇಗರ್ಜಿಯ ಸುತ್ತಲಿನ ಹತ್ತು ಮನೆಗಳು' ಓದಿ. ನಮ್ಮ ಮಲೆನಾಡಿನ ಕ್ರೈಸ್ತರ ಮನೆ, ನಮ್ಮದೇ ಮಾತು. ದಿನಕ್ಕೆ ಸ್ವಲ್ಪ ಸ್ವಲ್ಪ ಓದಬಹುದು. ಗೋವಿಂದ ಪೈಗಳ 'ಗೊಲ್ಗೊಥಾ' ಯೇಸುವಿನ ಕೊನೆಯ ದಿನದ ಕಾವ್ಯ, ಚೆಂದ ಇದೆ. ಆದರೆ ಅರ್ಧ ಗಂಟೆ ಓದಿದರೆ ನಾಲಿಗೆ ಸೋಲುತ್ತದೆ.

ಕೇಳಿದವರಿಂದ, ಮೂರು ದಿನದ ಮೇಲೆ:

ಮಾರ್ಟಿನ್ ಕಥೆ ನಿನ್ನೆ ಸಂಜೆ ಹೇಳಿದೆ. ಅವನು ದೇವರನ್ನು ಬೈಯೋ ಜಾಗದಲ್ಲಿ ಅಮ್ಮ ಮೆಲ್ಲಗೆ "ಬೈಲಿ ಬಿಡು" ಅಂದರು. ಸೇಬಿನ ಮುದುಕಿ ಬರುವಷ್ಟರಲ್ಲಿ "ತಡಿ, ಹಾಲು ಉಕ್ಕುತ್ತೆ" ಅಂತ ಎದ್ದು ಹೋದರು. ಬರಲ್ಲವೇನೋ ಅಂದುಕೊಂಡೆ. ಗ್ಯಾಸ್ ಆರಿಸಿ ಬಂದು, ಸೆರಗಿಗೆ ಕೈ ಒರೆಸಿಕೊಂಡು ಕೂತು, "ಹೂಂ, ಆ ಮುದುಕಿ ಏನಂದ್ಲು?" ಅಂತ ಕೇಳಿದರು.