ಮೈಸೂರಿಗೆ ಹೊಸದಾಗಿ ಬಂದಿರುವ ವಿದೇಶಿ ಸಹೋದ್ಯೋಗಿಗೆ ಎಲ್ಲಿ ತಿನ್ನಿಸಬೇಕು?

ಪ್ರಶ್ನೆ:
ಜರ್ಮನಿಯಿಂದ ನಮ್ಮ ಕಚೇರಿಗೆ ಬಂದಿರುವ ಸಹೋದ್ಯೋಗಿಯೊಬ್ಬರು, ದೊಡ್ಡ ಹೋಟೆಲುಗಳ ಊಟ ಸಾಕಾಗಿದೆ, ಊರಿನವರು ತಿನ್ನುವುದನ್ನೇ ತಿನ್ನಬೇಕು ಎನ್ನುತ್ತಿದ್ದಾರೆ. ಖಾರ ತಡೆಯದ ಅವರನ್ನು ಮೊದಲು ಎಲ್ಲಿಗೆ ಕರೆದುಕೊಂಡು ಹೋಗುವುದು ಒಳ್ಳೆಯದು?

ಉತ್ತರ 1:
ನಜರ್‌ಬಾದಿನ ಮೈಲಾರಿಯಿಂದಲೇ ಆರಂಭಿಸಿ ಸರ್. ಅಲ್ಲಿಯ ದೋಸೆ ಗರಿಗರಿಯಾಗಿರದೆ ಹೂವಿನಂತೆ ಮೆತ್ತಗಿರುತ್ತದೆ. ಮೇಲಿಟ್ಟ ಬೆಣ್ಣೆ ಕರಗಿ ಅಂಚಿನತ್ತ ಹರಿಯುತ್ತಿರುವಾಗಲೇ ಮುರಿದು, ಕಾಯಿಚಟ್ನಿಯಲ್ಲಿ ಅದ್ದಿ ತಿನ್ನುವುದನ್ನು ನೀವೇ ತೋರಿಸಿಕೊಡಿ. ಜಾಗ ಚಿಕ್ಕದು, ಬೆಳಿಗ್ಗೆ ಬೇಗ ಹೋಗಿ.

ಉತ್ತರ 2:
ಮಾಂಸಾಹಾರಿಗಳಾದರೆ ಮಂಡಿ ಮೊಹಲ್ಲಾದ ಹನುಮಂತು ಹೋಟೆಲಿನ ಮಟನ್ ಪಲಾವ್ ತಪ್ಪಿಸಬಾರದು.

ಉತ್ತರ 3:
ಸಂಜೆ ದೇವರಾಜ ಮಾರುಕಟ್ಟೆ ಸುತ್ತಿಸಿ, ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸ್‌ನಲ್ಲಿ ಮೈಸೂರು ಪಾಕ್ ಕೊಡಿಸಿ. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರು ಇದನ್ನು ಮೊದಲು ಮಾಡಿದರೆಂದೂ, ಆ ಅಂಗಡಿಯನ್ನು ನಡೆಸುತ್ತಿರುವವರು ಅವರ ವಂಶದವರೇ ಎಂದೂ ತಿಳಿಸಿದರೆ ಅವರಿಗೆ ಖಂಡಿತ ಸಂತೋಷವಾಗುತ್ತದೆ. ಚುರುಮುರಿಯವರಿಗೆ ಹಸಿಮೆಣಸಿನಕಾಯಿ ಹಾಕಬೇಡಿ ಎಂದು ಮೊದಲೇ ಹೇಳಿಬಿಡಿ. ಬಜ್ಜಿ, ಬೋಂಡಾ ಯಾವುದಾದರೂ ಸರಿ, ಆದರೆ ಕಣ್ಣೆದುರಿಗೆ ಬಾಣಲೆಯಿಂದ ತೆಗೆದದ್ದೇ ಆಗಿರಲಿ. ನೀರನ್ನು ಮಾತ್ರ ಮನೆಯಿಂದ ಒಯ್ಯಿರಿ.

ಉತ್ತರ 4:
ಬೆಂಗಳೂರಿಗೆ ಅವರು ಹೊರಟಾಗ ರೈಲಿನಲ್ಲೇ ಕಳುಹಿಸಿ. ಮದ್ದೂರು ವಡೆ ಬೋಗಿಯೊಳಕ್ಕೇ ಬರುತ್ತದೆ.