ಮೈಕ್ರೋಸಿಮೆಂಟ್ ನೆಲದಲ್ಲಿ ಗುಳ್ಳೆ, ಬಿಳಿ ಮಚ್ಚೆ, ಬಿರುಕು. ಗೊತ್ತಿರೋರು ದಯವಿಟ್ಟು ಹೇಳಿ

ಸಿಟ್‌ಔಟ್_ಸೀನ:
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಬರೀತಿದೀನಿ. ಹೊಸ ಮನೆ. ಹಾಲ್‌ನಿಂದ ಊಟದ ಜಾಗ ದಾಟಿ ಸಿಟ್‌ಔಟ್‌ವರೆಗೂ ಒಂದೇ ನೆಲ ಇರಬೇಕು, ಎಲ್ಲೂ ಗೆರೆ ಕಾಣಬಾರದು ಅಂತ ಮನೆಯವಳ ಆಸೆ. ಇಟಾಲಿಯನ್ ಮಾರ್ಬಲ್ ಬಿಟ್ಟು ಮೈಕ್ರೋಸಿಮೆಂಟ್ (ಕಾಂಕ್ರೀಟ್ ಮೇಲೆ ತೆಳ್ಳಗೆ ಬಳಿಯೋ ಸಿಮೆಂಟ್ ಪದರ) ಮಾಡ್ಸಿದ್ವಿ, ತಿಳಿ ಬೂದು ಬಣ್ಣ. ಗೃಹಪ್ರವೇಶಕ್ಕೆ ಬಂದೋರೆಲ್ಲ ಬಗ್ಗಿ ಬಗ್ಗಿ ಮುಟ್ಟಿ ನೋಡಿದ್ರು. ಈಗ ಪಶ್ಚಿಮದ ದೊಡ್ಡ ಗಾಜಿನ ಬಾಗಿಲ ಹತ್ರ ಕಡಲೆಕಾಳಷ್ಟು ಗುಳ್ಳೆ ಎದ್ದಿವೆ, ಒತ್ತಿದ್ರೆ ಟಪ್ ಅಂತವೆ. ಹಾಲ್ ಮಧ್ಯೆ ಬಿಳಿ ಮಚ್ಚೆ, ಒದ್ದೆ ಬಟ್ಟೇಲಿ ಒರೆಸಿದ್ರೆ ಮಾಯ, ಒಣಗಿದ್ರೆ ವಾಪಸ್. ಹಾಲ್ ಮತ್ತೆ ಸಿಟ್‌ಔಟ್ ಸೇರೋ ಕಡೆ ಉದ್ದಕ್ಕೂ ಕೂದಲೆಳೆ ಬಿರುಕು. ಕಾಂಟ್ರಾಕ್ಟರ್ ಕೇಳಿದ್ರೆ "ನೀವು ಫಿನಾಯಿಲ್ ಹಾಕಿ ಒರೆಸ್ತೀರ, ಅದಕ್ಕೆ" ಅಂತಾನೆ. ಚದರಡಿಗೆ ಕೊಟ್ಟ ದುಡ್ಡು ನೆನೆಸ್ಕೊಂಡ್ರೆ ನಿದ್ದೆ ಬರಲ್ಲ. ಏನು ಮಾಡ್ಲಿ?

ಟಾಪ್‌ಕೋಟ್:
ಪಶ್ಚಿಮದ ಗಾಜು ಅಂದ್ರಲ್ಲ, ಉತ್ತರ ಅಲ್ಲೇ ಇದೆ. ಬಿಸಿಲು. ಮೇಲೆ ಎಪಾಕ್ಸಿ ಅನ್ನೋ ರಾಳದ ಲೇಪ ಬಳಿದಿರ್ತಾನೆ ನಿಮ್ಮ ಕಾಂಟ್ರಾಕ್ಟರ್. ಎಪಾಕ್ಸಿಗೂ ಬಿಸಿಲಿಗೂ ಆಗಿಬರಲ್ಲ, ಯುವಿ (ಬಿಸಿಲಿನ ಅತಿನೇರಳೆ ಕಿರಣ) ಬಿದ್ದ ಕಡೆ ಹಾಳಾಗುತ್ತೆ. ನಮ್ಮ ಕಡೆ ಬಿಸಿಲಿಗೆ ಅಲಿಫ್ಯಾಟಿಕ್ ಪಿಯು (ಪಾಲಿಯುರೆಥೇನ್) ಟಾಪ್ ಕೋಟೇ ಬೇಕು. ಸೀಲರ್ (ಕೊನೇಲಿ ಮೇಲೆ ಬಳಿಯೋ ರಕ್ಷಣೆ ಲೇಪ) ಡಬ್ಬದ ಫೋಟೋ ಹಾಕಿ.

ಕರಣೆ_ಕೆಂಪ:
ಸೀನಣ್ಣ, ಮೇಲಿಂದು ಆಮೇಲೆ ನೋಡವ. ಕೆಳಗಡೆ ಏನೈತೆ ಏಳಿ. ಸೋಲಿಂಗ್, ಅಂದ್ರೆ ತಳಕ್ಕೆ ಕಲ್ಲು, ಆಕಿದ್ರಾ? ಪಿಸಿಸಿ (ಕಂಬಿ ಇಲ್ದ ಕಾಂಕ್ರೀಟು) ಕೆಳಗೆ ಪ್ಲಾಸ್ಟಿಕ್ ಆಳೆ ಹಾಸಿದ್ರಾ? ಪ್ಲಿಂತ್, ಅಂದ್ರೆ ಮಣ್ಣಿಂದ ಮನೆ ನೆಲ, ಎಷ್ಟಡಿ ಎತ್ತರ?

ಸಿಟ್‌ಔಟ್_ಸೀನ:
ಕೆಳಗಡೆ ಕಾಂಕ್ರೀಟು, ಇನ್ನೇನಿರುತ್ತೆ? ಸಮಸ್ಯೆ ಮೇಲಿರೋದು ಅಣ್ಣ.

ಟಾಪ್‌ಕೋಟ್:
ಅದನ್ನೇ ನಾನೂ ಹೇಳ್ತಿರೋದು. ಪಿಯು ಅಂದ್ರೆ ಎಲ್ಲಾ ಒಂದೇ ಅಲ್ಲ. ಆರೋಮ್ಯಾಟಿಕ್ ಅಗ್ಗ, ಒಳಾಂಗಣಕ್ಕೆ ನಡೆಯುತ್ತೆ, ಬಿಸಿಲಿಗೆ ಬಣ್ಣ ಬದಲಾಯಿಸುತ್ತೆ. ಅಲಿಫ್ಯಾಟಿಕ್ ದುಬಾರಿ, ಬಣ್ಣ ನಿಲ್ಲುತ್ತೆ. ಪಾಲಿಆಸ್ಪಾರ್ಟಿಕ್ ಕೂಡ ಅಲಿಫ್ಯಾಟಿಕ್ ಜಾತಿನೇ. ಡಬ್ಬದ ಮೇಲೆ ಬರೆದಿರುತ್ತೆ.

ಯಾದವಗಿರಿ_ಆರ್ಕಿಟೆಕ್ಟ್:
ಟಾಪ್‌ಕೋಟ್ ಸಾರ್, ಯುವಿ ಹೊಡೆತ ಅಂದ್ರೆ ಹಳದಿ ಆಗಬೇಕು, ಮಂಕಾಗಬೇಕು. ಇವರದು ಬಿಳಿ, ಅದೂ ಬಿಸಿಲೇ ಬೀಳದ ಹಾಲ್ ಮಧ್ಯದಲ್ಲಿ. ಒದ್ದೆ ಆದ್ರೆ ಮಾಯ, ಒಣಗಿದ್ರೆ ಹಾಜರ್ ಅನ್ನೋದು ಉಪ್ಪಿನ ಲಕ್ಷಣ.

ಸೀನ ಅವರೇ, ಮೂರನ್ನೂ ಒಂದೇ ರೋಗ ಅಂದ್ಕೋಬೇಡಿ. ಬಿರುಕಿನ ಲೆಕ್ಕ ಸುಲಭ. ಕಾಂಕ್ರೀಟ್ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 10 ಮೈಕ್ರಾನ್ ಹಿಗ್ಗುತ್ತೆ. 10 ಮೀಟರ್ ಉದ್ದ, 30 ಡಿಗ್ರಿ ಏರಿಳಿತ ಇಟ್ಕೊಳ್ಳಿ, 3 ಮಿ.ಮೀ. ಆಯ್ತು. ನಿಮ್ಮ ಮೈಕ್ರೋಸಿಮೆಂಟ್‌ನ ಇಡೀ ದಪ್ಪವೇ 2-3 ಮಿ.ಮೀ.! ಒಳಗಿನ ನೆಲ ನೆರಳಲ್ಲಿ ತಣ್ಣಗಿರುತ್ತೆ, ಸಿಟ್‌ಔಟ್ ಸಂಜೆವರೆಗೂ ಕಾಯುತ್ತೆ. ಎರಡಕ್ಕೂ ಬೇರೆ ಬೇರೆ ಕಾಂಕ್ರೀಟ್ ಹಾಕಿರ್ತಾರೆ. ಕೆಳಗೆ ಎರಡು ತುಂಡು ಇಟ್ಟು ಮೇಲೆ ಒಂದೇ ಮಾಡಿದ್ರೆ ತೆಳು ಪದರ ಅಲ್ಲೇ ಸೀಳುತ್ತೆ. ಅಲ್ಲಿ ಜಾಯಿಂಟ್ ಕೊಟ್ಟಿದ್ರಾ?

ಸಿಟ್‌ಔಟ್_ಸೀನ:
ಇಲ್ಲ ಮೇಡಂ. ಗೆರೆ ಬೇಡ ಅಂತಾನೇ ಅಲ್ವಾ ಇದನ್ನ ಹಾಕ್ಸಿದ್ದು.

ಅಜ್ಜನ_ಗಾರೆ:
ನಗು ಬರುತ್ತೆ. ಚಾಮುಂಡಿಪುರಂನಲ್ಲಿ ನಮ್ಮಜ್ಜ ಹಾಕಿಸಿದ ಕೆಂಪು ಗಾರೆ ನೆಲ, ಸುತ್ತ ಕಪ್ಪು ಅಂಚು, ಇವತ್ತಿಗೂ ಮುಖ ಕಾಣುತ್ತೆ. ಬೇಸಿಗೇಲಿ ಮಧ್ಯಾಹ್ನ ಬರೀ ನೆಲದ ಮೇಲೆ ಮಲಗ್ತೀವಿ, ಎಸಿ ಬೇಡ. ಸ್ಪೇನ್‌ನಿಂದ ಡಬ್ಬ ತರಿಸೋ ಬದ್ಲು ರೆಡ್ ಆಕ್ಸೈಡ್ ಹಾಕ್ಸಿದ್ರೆ ಆಗ್ತಿತ್ತು. ಕನ್ನಂಬಾಡಿ ಕಟ್ಟೆನೇ ಸುರ್ಕಿ (ಸುಣ್ಣ, ಇಟ್ಟಿಗೆ ಪುಡಿ) ಗಾರೇಲಿ ಕಟ್ಟಿದ್ದು, ಗೊತ್ತಿರಲಿ.

ಕರಣೆ_ಕೆಂಪ:
ಕಟ್ಟೆ ಕತೆ ಬುಡಿ ಸ್ವಾಮಿ, ಇವ್ರೇನು ಕಟ್ಟೆ ಕಟ್ತಾ ಇಲ್ಲ. ನಾನೂ ರೆಡ್ ಆಕ್ಸೈಡ್ ಮಾಡ್ತೀನಿ. ಆಗ ತಳದಲ್ಲಿ ಸುಣ್ಣದ ಗಾರೆ ಇರ್ತಿತ್ತು, ನಿಧಾನಕ್ಕೆ ಗಟ್ಟಿ ಆಯ್ತಿತ್ತು, ತೇವ ಮೇಲಕ್ಕೆ ಬಂದ್ರೂ ಆರೋಗ್ತಿತ್ತು. ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು ಕರಣೇಲಿ ಒತ್ತಿ ಒತ್ತಿ ಉಜ್ಜೋನು. ಈಗ 53 ಗ್ರೇಡ್ ಸಿಮೆಂಟು, ಸಂಜೆ ಒಳಗೆ ಮುಗೀಬೇಕು. ಇಂಗೆ ಮಾಡಿದ್ರೆ ಕೆಂಪು ನೆಲವೂ ಸೀಳ್ತದೆ. ಐಪಿಎಸ್ (ಅಲ್ಲೇ ಕಲಸಿ ಆಕೋ ಸಿಮೆಂಟ್) ನೆಲಕ್ಕೆ ಗಾಜಿನ ಪಟ್ಟಿ ಕೊಟ್ಟು ಮನೆ ಮನೆ ಮಾಡೋದು ಅಂದಕ್ಕಲ್ಲ ಕನಣ್ಣ, ಬಿರುಕು ಬರ್ದಿರ್ಲಿ ಅಂತ.

ಅಜ್ಜನ_ಗಾರೆ:
ಹೊಳೆ ಮರಳು ಇದ್ದ ಕಾಲದ ಮಾತು ಬೇರೆ. ಈಗಿನ ಎಂ-ಸ್ಯಾಂಡ್‌ನಲ್ಲಿ ಏನು ಮಾಡಿದ್ರೂ ಬಿಳಿ ಬರುತ್ತೆ.

ಕರಣೆ_ಕೆಂಪ:
ತಪ್ಪು. ಎಂ-ಸ್ಯಾಂಡಲ್ಲಿ ಧೂಳು ಜಾಸ್ತಿ ಇದ್ರೆ ನೀರು ಜಾಸ್ತಿ ಕುಡೀತದೆ, ಒಣಗ್ವಾಗ ಕುಗ್ಗಿ ಬಿರುಕು ಬತ್ತದೆ, ಅದು ನಿಜ. ಬಿಳಿ ಬರೋದು ಸಿಮೆಂಟ್ ಒಳಗಿನ ಸುಣ್ಣದಿಂದ. ತೇವ ಅದನ್ನ ಕರಗಿಸ್ಕಂಡು ಮೇಲಕ್ಕೆ ತತ್ತದೆ, ಗಾಳಿ ತಾಗಿ ಬೆಳ್ಳಗಾಯ್ತದೆ. ನೀರು ಇಲ್ದೆ ಬಿಳಿ ಇಲ್ಲ. ಹೊಳೆ ಮರಳು ತೊಳೀದೆ ಆಕಿದ್ರೆ ಅದ್ರಲ್ಲೂ ಉಪ್ಪು ಇರ್ತದೆ.

ಅಜ್ಜನ_ಗಾರೆ:
ಕಾವೇರಿ ಮರಳಿಗೆ ಉಪ್ಪು ಅಂತೆ. ಆಯ್ತಪ್ಪ.

(ಮರಳಿನ ಬಗ್ಗೆ ಇನ್ನೂ ಬಂದ ಉತ್ತರಗಳನ್ನ ಬೇರೆ ಎಳೆಗೆ ಸಾಗಿಸಿದೆ. ಜಗಳ ಅಲ್ಲಿ ಮುಂದುವರಿಸಿ. – ನಿರ್ವಾಹಕ)

ಮೀಟರ್_ಮಂಜ:
ಇಷ್ಟು ಮಾತಾಡೋ ಬದ್ಲು ಅಳೆದು ನೋಡಿ ಗುರು. ನನ್ನ ಹತ್ರ ತೇವ ಅಳೆಯೋ ಪಿನ್ ಮೀಟರ್, ಪಿನ್ ಇಲ್ಲದ್ದು, ಕಾಂಕ್ರೀಟಲ್ಲಿ ತೂತು ಕೊರೆದು ಇಡೋ ಆರ್‌ಎಚ್ (ತೇವಾಂಶ) ಪ್ರೋಬ್ ಮೂರೂ ಇವೆ. ಥರ್ಮಲ್ ಕ್ಯಾಮೆರಾ ಹೋದ ತಿಂಗಳು ತಗೊಂಡೆ. ಹೆಬ್ಬಾಳದ ನನ್ನ ಗ್ಯಾರೇಜ್ ನೆಲ ಪೂರ್ತಿ ಪಾಲಿಆಸ್ಪಾರ್ಟಿಕ್, ಕಪ್ಪು ಬಿಳಿ ಚಿಪ್ಸ್ ಎರಚಿ ಮಾಡಿದ್ದು, ಫೋಟೋ ಕೆಳಗಿದೆ. ಬೈಕ್‌ನ ಬಿಸಿ ಟೈರ್ ನಿಂತ್ರೂ ಕಿತ್ತು ಬರಲ್ಲ.

ಮೀಟರ್ ಇಲ್ಲದೋರಿಗೆ ಹಾಳೆ ಪರೀಕ್ಷೆ ಇದೆ, ಎಎಸ್‌ಟಿಎಂ ಡಿ4263 ಅಂತ ಅಮೆರಿಕದ ಮಾನದಂಡ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ, ನಾಲ್ಕೂ ಅಂಚು ಟೇಪ್ ಹಾಕಿ ಬಿಗಿಯಾಗಿ ಅಂಟಿಸಿ, ಕಮ್ಮಿ ಅಂದ್ರೂ 16 ಗಂಟೆ ಬಿಡಿ. ಕೆಳಗೆ ಹನಿ ನಿಂತಿದ್ರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ರೆ ತೇವ ಬರ್ತಿದೆ ಅಂತ.

ಯಾದವಗಿರಿ_ಆರ್ಕಿಟೆಕ್ಟ್:
ಸೀಲರ್ ಮೇಲೆ ಅಂಟಿಸಬೇಡಿ, ಸೀಲರೇ ತಡೆಯೋದ್ರಿಂದ ಏನೂ ತಿಳಿಯಲ್ಲ. ಮೆಟ್ಟಿಲ ಕೆಳಗೆ ಅಥವಾ ಸ್ಟೋರ್ ರೂಮಲ್ಲಿ ಬರಿ ಕಾಂಕ್ರೀಟ್ ಇರೋ ಕಡೆ ಮಾಡಿ. ಜೊತೆಗೆ ಬಿಳಿ ಮಚ್ಚೆ ಉಗುರಲ್ಲಿ ಕೆರೆದ್ರೆ ಪುಡಿ ಬರುತ್ತಾ ನೋಡಿ. ಬಂದ ಪುಡಿಯನ್ನ ತಟ್ಟೆಗೆ ಹಾಕಿ ಎರಡು ಹನಿ ವಿನೆಗರ್ ಬಿಡಿ, ನೊರೆ ಬಂದ್ರೆ ಸುಣ್ಣದ ಉಪ್ಪು. ನೆಲದ ಮೇಲೇ ವಿನೆಗರ್ ಹಾಕಬೇಡಿ, ಸಿಮೆಂಟನ್ನೇ ತಿನ್ನುತ್ತೆ.

ಬೋಗಾದಿ_ಹೊಸಬ:
ಮಧ್ಯೆ ಬಂದೆ, ಬೇಜಾರಾಗಬೇಡಿ. ನಾವು ಟೆರೇಸ್ ಮೇಲೆ ಮೈಕ್ರೋಸಿಮೆಂಟ್ ಹಾಕ್ಸೋಣ ಅಂತಿದೀವಿ, ಕಪ್ಪು ಬಣ್ಣ, ಮ್ಯಾಟ್. ಮೈಸೂರು ಹವಾಗೆ ಬಾಳುತ್ತಾ?

ಸಿಟ್‌ಔಟ್_ಸೀನ:
ಹಾಳೆ ಅಂಟಿಸಿದ್ದೆ. ಮೆಟ್ಟಿಲ ಕೆಳಗೆ ಹನಿ ಹನಿ ನಿಂತಿದೆ. ಸಿಟ್‌ಔಟ್ ಮೂಲೇಲಿ ಒಂದು ಹಾಳೆ ಹಾಕಿದ್ದೆ, ಅಲ್ಲಿ ಏನೂ ಇಲ್ಲ. ಪುಡಿ ಬಂತು, ನೊರೆನೂ ಬಂತು. ಆದ್ರೆ ತೇವ ಎಲ್ಲಿಂದ ಅಂತ ಅರ್ಥ ಆಗ್ತಿಲ್ಲ. ಪೈಪ್ ಪ್ರೆಷರ್ ಟೆಸ್ಟ್ ಮಾಡ್ಸಿದೀನಿ, ಸೋರಿಕೆ ಇಲ್ಲ.

ಕರಣೆ_ಕೆಂಪ:
ಸೀನಣ್ಣ, ಮನೆ ಎಲ್ಲಿ ಬತ್ತದೆ?

ಸಿಟ್‌ಔಟ್_ಸೀನ:
ಮಂಡ್ಯ ಹೊರಗಡೆ, ಹೊಸ ಬಡಾವಣೆ. ಮೊದಲು ಗದ್ದೆ ಇತ್ತು. ಪಕ್ಕದಲ್ಲೇ ವಿ.ಸಿ. (ವಿಶ್ವೇಶ್ವರಯ್ಯ) ನಾಲೆದು ಸೀಳುಗಾಲುವೆ. ಅದಕ್ಕೂ ನೆಲಕ್ಕೂ ಏನ್ ಸಂಬಂಧ?

ಕರಣೆ_ಕೆಂಪ:
ಅಯ್ಯೋ ದೇವ್ರೇ. ಇದನ್ನ ಮೊದ್ಲೇ ಏಳಬಾರದಾ! ನಾಲೆಗೆ ನೀರು ಬುಟ್ಟ ಮೇಲೆ ಶುರುವಾಯ್ತಾ?

ಸಿಟ್‌ಔಟ್_ಸೀನ:
ಈಗ ಯೋಚಿಸಿದ್ರೆ ಹೌದು, ಪಕ್ಕದ ಗದ್ದೇಲಿ ನಾಟಿ ಆದ ಮೇಲೆನೇ. ಬೇಸಿಗೇಲಿ ನೆಲ ಚೆನ್ನಾಗೇ ಇತ್ತು. ಪ್ಲಿಂತ್ ಒಂದೂವರೆ ಅಡಿ, ಪ್ಲಾಸ್ಟಿಕ್ ಹಾಳೆ ಬೇಕಿಲ್ಲ ಅಂದಿದ್ದ ಕಾಂಟ್ರಾಕ್ಟರ್. ಸ್ಕ್ರೀಡ್ (ಕಾಂಕ್ರೀಟ್ ಮೇಲೆ ಮಟ್ಟ ಮಾಡೋ ಗಾರೆ) ಹಾಕಿದ ಮೇಲೂ ಜಾಸ್ತಿ ಕಾಯಕ್ಕೆ ಆಗ್ಲಿಲ್ಲ, ಆಷಾಢ ಹತ್ರ ಬಂದಿತ್ತು, ಮುಹೂರ್ತ ಸಿಗ್ತಿರಲಿಲ್ಲ.

ಯಾದವಗಿರಿ_ಆರ್ಕಿಟೆಕ್ಟ್:
ಸರಿಹೋಯ್ತು. ಸ್ಕ್ರೀಡ್ ಒಣಗೋಕೆ 1 ಮಿ.ಮೀ.ಗೆ ಒಂದು ದಿನ ಅಂತ ಲೆಕ್ಕ, ಅದೂ ಗಾಳಿಯಾಡಿದ್ರೆ. ಎರಡು ಇಂಚು ಸ್ಕ್ರೀಡ್ ಅಂದ್ರೆ 50 ದಿನ. ಸಿಮೆಂಟ್ ಕೆಲಸಕ್ಕೆ 28 ದಿನ ಅಂತಾರಲ್ಲ, ಅದು ಬಲ ಬರೋ ಲೆಕ್ಕ, ಒಣಗೋ ಲೆಕ್ಕ ಅಲ್ಲ. ಎರಡನ್ನೂ ಕಲಸಿಬಿಡ್ತಾರೆ. ಒಳಗೆ ಮೊದಲೇ ನೀರು, ನಾಲೆ, ಗದ್ದೆ ನೀರು ಮಣ್ಣಲ್ಲಿ ಇಂಗಿ ಕೆಳಗಿಂದ ಇನ್ನಷ್ಟು. ಮೇಲೆ ಆವಿಯನ್ನೂ ಬಿಡದ ಸೀಲರ್. ಟೈಲ್ಸ್ ಆಗಿದ್ರೆ ಗ್ರೌಟ್ ಸಂದಿಯಲ್ಲಾದ್ರೂ ಸ್ವಲ್ಪ ಹೊರಗೆ ಹೋಗ್ತಿತ್ತು. ಸಂದಿಯೇ ಇಲ್ಲದ ನೆಲಕ್ಕೆ ತಳದ ತೇವ ಕಟ್ಟೋದು ಮೊದಲ ಕೆಲಸ, ಬಣ್ಣ ಆರಿಸೋದು ಕೊನೇದು. ನಮ್ಮಲ್ಲಿ ಉಲ್ಟಾ ನಡೆಯುತ್ತೆ.

ಗುಳ್ಳೆ ಗಾಜಿನ ಹತ್ರ ಯಾಕೆ ಅಂದ್ರೆ, ಬಿಸಿಲಿಗೆ ನೆಲ ಕಾದಾಗ ಒಳಗಿನ ಗಾಳಿ, ಆವಿ ಹಿಗ್ಗಿ ಮೇಲಕ್ಕೆ ನೂಕುತ್ತೆ. ಅದಕ್ಕೇ ಕೋಟಿಂಗ್‌ನ ಬೆಳಿಗ್ಗೆ ಬಿಸಿಲೇರೋ ಹೊತ್ತಲ್ಲಿ ಹಾಕಬಾರದು, ಸಂಜೆ ನೆಲ ತಣ್ಣಗಾಗ್ತಾ ಇರುವಾಗ ಹಾಕಬೇಕು.

ಟಾಪ್‌ಕೋಟ್:
ಎಲ್ಲಾ ಸರಿ ಮೇಡಂ, ಸೀಲರ್ ಯಾವುದು ಅಂತ ಇನ್ನೂ ಯಾರಿಗೂ ಗೊತ್ತಿಲ್ಲ.

ಸಿಟ್‌ಔಟ್_ಸೀನ:
ಡಬ್ಬ ಸಿಕ್ತು, ನೀರಿನ ಮೋಟಾರ್ ಮನೇಲಿ ಇತ್ತು. ಪಿಯು, ಒಂದೇ ಡಬ್ಬ, ಹಾರ್ಡ್ನರ್ ಇಲ್ಲ. "ಮಾಯಿಶ್ಚರ್ ಕ್ಯೂರ್" ಅಂತ ಬರೆದಿದೆ.

ಟಾಪ್‌ಕೋಟ್:
ನೋಡಿ! ಇದಕ್ಕೇ ಡಬ್ಬ ಕೇಳಿದ್ದು. ಇದು ಗಾಳಿಯ ತೇವ ಹೀರಿ ಗಟ್ಟಿಯಾಗೋ ಜಾತಿ, ಗಟ್ಟಿಯಾಗುವಾಗ ಕಾರ್ಬನ್ ಡೈಆಕ್ಸೈಡ್ ಬಿಡುತ್ತೆ. ದಪ್ಪ ಬಳಿದ್ರೆ, ಕೆಳಗೆ ತೇವ ಇದ್ರೆ, ಗ್ಯಾಸ್ ಒಳಗೇ ಸಿಕ್ಕಿ ಗುಳ್ಳೆ. ನಾಲೆ ಇಲ್ಲದಿದ್ರೂ ಬರ್ತಿತ್ತು.

ಯಾದವಗಿರಿ_ಆರ್ಕಿಟೆಕ್ಟ್:
ಬಳಿದ ದಿನವೇ ಬರ್ತಿತ್ತು ಸಾರ್, ನಾಟಿವರೆಗೂ ಕಾಯ್ತಿರಲಿಲ್ಲ.

ಟಾಪ್‌ಕೋಟ್:
ಸಣ್ಣಗೆ ಬಂದಿರುತ್ತೆ, ಇವರು ಗಮನಿಸಿರಲ್ಲ. ಗೃಹಪ್ರವೇಶದ ಗಲಾಟೇಲಿ ಯಾರು ನೆಲ ನೋಡ್ತಾರೆ.

ಮೀಟರ್_ಮಂಜ:
ಬ್ಲೇಡಲ್ಲಿ ಒಂದು ಗುಳ್ಳೆ ಸೀಳಿ ಭೂತಗನ್ನಡಿ ಹಿಡಿದು ನೋಡಿ ಸೀನಣ್ಣ. ಸೀಲರ್ ಪದರದ ಒಳಗೇ ಸಣ್ಣ ಸಣ್ಣ ತೂತು ನೊರೆ ಥರ ಇದ್ರೆ ಟಾಪ್‌ಕೋಟ್ ಸಾರ್ ಗೆದ್ರು. ಸಿಮೆಂಟ್‌ವರೆಗೂ ಕುಳಿ ಇದ್ರೆ ಗಾಳಿ. ಒಳಗೆ ನೀರೇ ಇದ್ರೆ ನಾಲೆ.

ಸಿಟ್‌ಔಟ್_ಸೀನ:
ಸೀಳಿದೆ. ಒಂದರಲ್ಲಿ ನೀರಿತ್ತು, ಇನ್ನೊಂದು ಖಾಲಿ. ಈಗ ಏನಂತೀರ? ಮೊದಲು ರಿಪೇರಿ ಹೇಳಿ ದಯವಿಟ್ಟು.

ಯಾದವಗಿರಿ_ಆರ್ಕಿಟೆಕ್ಟ್:
ಈಗ ತೇಪೆ ಹಾಕಿಸಬೇಡಿ, ಪಕ್ಕದಲ್ಲಿ ಮತ್ತೆ ಏಳುತ್ತೆ. ಮೊದಲು ಹೊರಗಿನ ಕೆಲಸ. ಮನೆ ಸುತ್ತ ಪ್ಲಿಂತ್‌ಗಿಂತ ಕೆಳಗೆ ಕಾಲುವೆ ತೋಡಿ, ತೂತಿನ ಪೈಪ್ ಇಟ್ಟು ಜಲ್ಲಿ ತುಂಬಿ, ನೀರು ದೂರ ಹೋಗೋ ಹಾಗೆ ಮಾಡಿ. ನಾಲೆ ನಿಂತು ಬೇಸಿಗೆ ಬಂದ ಮೇಲೆ ಮತ್ತೆ ಅಳೆಯಿರಿ. ಆಮೇಲೆ ಎರಡು ದಾರಿ. ಪೂರ್ತಿ ಗ್ರೈಂಡ್ ಮಾಡಿ, ಒದ್ದೆ ಕಾಂಕ್ರೀಟ್‌ಗೇ ಅಂತ ಇರೋ ಎರಡು ಡಬ್ಬದ ಎಪಾಕ್ಸಿ ತೇವತಡೆ ಕೊಟ್ಟು, ಹೊಸದಾಗಿ ಮೈಕ್ರೋಸಿಮೆಂಟ್ ಮಾಡಿಸೋದು ಒಂದು. ಇಲ್ಲವೇ ಸೀಲರ್ ತೆಗೆದು ಆವಿ ಬಿಡೋ ಫಿನಿಶ್‌ಗೆ ಹೋಗಿ, ಲಿಥಿಯಂ ಸಿಲಿಕೇಟ್ ಥರದ್ದು. ಕಲೆ ಹಿಡಿಯುತ್ತೆ, ಹೊಳಪು ಕಮ್ಮಿ, ಆದ್ರೆ ಗುಳ್ಳೆ ಏಳಲ್ಲ. ಗದ್ದೆ ಪಕ್ಕದ ಮನೆಗೆ ನಾನಾಗಿದ್ರೆ ಎರಡನೇದು.

ಅಜ್ಜನ_ಗಾರೆ:
ಅಂದ್ರೆ ಉಸಿರಾಡೋ ನೆಲ. ನಾನು ಮೊದಲೇ ಹೇಳಿದ್ದು.

ಟಾಪ್‌ಕೋಟ್:
ಈಗ ಎಪಾಕ್ಸಿ ಬೇಕಾಯ್ತು ಮೇಡಂಗೆ.

ಯಾದವಗಿರಿ_ಆರ್ಕಿಟೆಕ್ಟ್:
ಕೆಳಗೆ, ಬಿಸಿಲು ತಾಗದ ಕಡೆ, ಸಾರ್.

ಕರಣೆ_ಕೆಂಪ:
ಬಾಗಿಲತ್ರದ ಬಿರುಕಿಗೆ ಫಿಲ್ಲರ್ ತುಂಬ್ಸಬೇಡಿ ಸೀನಣ್ಣ, ಮತ್ತೆ ಬಾಯಿ ಬುಡ್ತದೆ. ಕಟ್ಟರಲ್ಲಿ ನೇರಕ್ಕೆ ಕುಯ್ದು, ಕೆಳಗಿನ ಕಾಂಕ್ರೀಟ್ ಎರಡು ತುಂಡು ಎಲ್ಲಿ ಸೇರ್ತದೋ ಅಲ್ಲಿಗೇ ಸರಿಯಾಗಿ ಇತ್ತಾಳೆ ಪಟ್ಟಿ ಕೂರ್ಸಿ, ಪಕ್ಕಕ್ಕೆ ಪಿಯು ಸೀಲಂಟ್ ಕೊಡಿ. ಬಾಗಿಲ ಚೌಕಟ್ಟಿನ ನೇರಕ್ಕೆ ಬಂದ್ರೆ ಗೆರೆ ಅಂತ ಯಾರಿಗೂ ಅನ್ಸಕಿಲ್ಲ.

ಸಿಟ್‌ಔಟ್_ಸೀನ:
ಮನೆಯವಳಿಗೆ ತೋರ್ಸಿದೆ. ಇತ್ತಾಳೆ ಪಟ್ಟಿ ಆದ್ರೆ ಒಪ್ಪಿಗೆ ಅಂತೆ. ಕಾಂಟ್ರಾಕ್ಟರ್ ಫೋನ್ ತೆಗೀತಿಲ್ಲ.

ಮೀಟರ್_ಮಂಜ:
ಗ್ರೈಂಡಿಂಗ್ ಮಾಡ್ಸೋದಾದ್ರೆ ವ್ಯಾಕ್ಯೂಮ್ ಜೋಡಿಸಿರೋ ಮೆಷಿನ್ನೇ ಕೇಳಿ, ಇಲ್ಲಾಂದ್ರೆ ಆ ಧೂಳು ಕಪಾಟೊಳಗೂ ಹೋಗುತ್ತೆ. ನನ್ನ ಗ್ಯಾರೇಜ್ ಫೋಟೋ ಯಾರೂ ನೋಡ್ಲಿಲ್ವಾ?

ಬೋಗಾದಿ_ಹೊಸಬ:
ನೋಡ್ದೆ, ಸೂಪರ್. ನನ್ನ ಟೆರೇಸ್ ಕಪ್ಪು ಬಣ್ಣದ ಪ್ರಶ್ನೆಗೆ ಯಾರಾದ್ರೂ ಹೇಳಿ.

ಕರಣೆ_ಕೆಂಪ:
ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಬರಿಗಾಲಲ್ಲಿ ನಿಂತು ನೋಡಿ, ನೀವೇ ಏಳ್ತೀರ. ಕೆಳಗಿನ ರೂಮೂ ರಾತ್ರಿ ಅತ್ತು ಗಂಟೆವರೆಗೆ ಕಾಯ್ತಿರ್ತದೆ. ಬಿಳಿ ಚೈನಾ ಮೊಸಾಯಿಕ್ (ಒಡೆದ ಟೈಲ್ಸ್ ಚೂರು) ಆಕ್ಸಿ, ನೂರಡಿಗೆ ಒಂದಡಿ ಇಳಿಜಾರು ಕೊಡಿ, ಸಾಕು.

ಬೋಗಾದಿ_ಹೊಸಬ:
ಚೈನಾ ಮೊಸಾಯಿಕ್ ಹಳೇ ಕಾಲದ್ದು ಅಲ್ವಾ ಅಣ್ಣ? ಇಂಟೀರಿಯರ್‌ನವರು ಕಪ್ಪೇ ಚೆಂದ ಅಂತಾರೆ.

ಯಾದವಗಿರಿ_ಆರ್ಕಿಟೆಕ್ಟ್:
ಅದಕ್ಕೆ ಬೇರೆ ಎಳೆ ತೆಗೀರಿ. ವಾಟರ್‌ಪ್ರೂಫಿಂಗ್ ಏನು ಮಾಡಿದೀರ, ಕೆಳಗೆ ಯಾವ ರೂಮಿದೆ ಅಂತ ಮೊದಲನೇ ಸಾಲಲ್ಲೇ ಬರೀರಿ.